ಗಿಳಿಯ ಜಂತುಹುಳಕ್ಕೆ ಎಂಟು ಹನಿ

ಯಾರಾದರೂ ಹೇಳಿದ ಮಾತನ್ನು ಹೇಳಿದಷ್ಟಕ್ಕೇ ಒಪ್ಪಿಕೊಳ್ಳುವುದು ನನ್ನ ಕೈಲಾಗದ ಕೆಲಸ. ತಲೆಯ ಮೇಲೆ ಕಂಬಳಿ ಗಂಟು ಹೊತ್ತು ಐಮಂಗಲ, ಹರಿಯಬ್ಬೆ ಸುತ್ತಿ ಮಾರಿದವನು ನಾನು. ಹಿರಿಯೂರಿನಲ್ಲಿ ಸ್ವಂತ ಅಂಗಡಿ ಮಾಡಿಕೊಂಡಿದ್ದೇ ಚೌಕಾಸಿಯಿಂದ. ಕುರಿಗಾರರು ಉಣ್ಣೆಗೆ ಹೇಳಿದ್ದರಲ್ಲಿ ಅರ್ಧಕ್ಕೆ ಕೇಳುವುದು, ಗಿರಾಕಿಗೆ ದುಪ್ಪಟ್ಟು ಹೇಳಿ ಅರ್ಧಕ್ಕೆ ಇಳಿಯುವುದು, ಕೊನೆಗೆ ಎಲ್ಲರೂ ತಾವೇ ಗೆದ್ದೆವೆಂದುಕೊಂಡು ಮನೆಗೆ ಹೋಗುವುದು. ಅಂಗಡಿಯ ಬಾಗಿಲು ಹಾಕಿದರೂ ಈ ಚಟ ಬಾಗಿಲು ಹಾಕುವುದಿಲ್ಲ. ಜ್ವರಕ್ಕೆ ಡಾಕ್ಟರು ಆರು ಮಾತ್ರೆ ಬರೆದರೆ ಮೂರಕ್ಕೆ ಒಪ್ಪಿಸುತ್ತೇನೆ. ಜ್ವರವೂ ಹೇಗೋ ಒಪ್ಪಿಕೊಂಡು ಹೋಗುತ್ತದೆ. “ತಾಳಿಗೆ ಮೂರು ಗಂಟು ಹಾಕಪ್ಪ ಅಂದಾಗ್ಲೂ ಎರಡು ಸಾಲ್ದಾ ಅಂದೋರು ನೀವು” ಎಂದು ನನ್ನ ಹೆಂಡತಿ ನೀಲಮ್ಮ ಈಗಲೂ ಬಂದವರೆದುರು ಹೇಳುತ್ತಾಳೆ. ನಾನು ಹಾಗೆ ಅಂದ ನೆನಪಿಲ್ಲ. ಆದರೆ ಅಂದಿರಲಾರೆ ಎನ್ನುವ ಧೈರ್ಯವೂ ಇಲ್ಲ.

ಎಪ್ಪತ್ತೈದು-ಎಪ್ಪತ್ತಾರನೇ ಇಸವಿಯ ಮಾತು. ನಮ್ಮ ಮನೆಯಲ್ಲಿ ಚಂದ್ರಿ ಎಂಬ ಗಿಳಿಯಿತ್ತು. ಅರಳಿಮರದ ಪೊಟರೆಯಿಂದ ಕೆಳಗೆ ಬಿದ್ದಿದ್ದ ಮರಿಯನ್ನು ನೀಲಮ್ಮ ಹತ್ತಿಯಲ್ಲಿ ರಾಗಿ ಗಂಜಿ ಅದ್ದಿ ಅದ್ದಿ ಕುಡಿಸಿ ಬದುಕಿಸಿದ್ದಳು. ಅವಳಿಗೆ ಅದು ಎಷ್ಟು ಮುದ್ದೆಂದರೆ, ನಾನು ಹಸಿದು ಬಂದರೂ ಮೊದಲ ಕಡಲೆ ಅದರ ಬಟ್ಟಲಿಗೆ. ಆ ವರ್ಷ ಚಂದ್ರಿ ಎರಡರಷ್ಟು ತಿನ್ನತೊಡಗಿತು. “ನೋಡು, ನಮ್ಮನೆ ನೀರಿನ ಗುಣ” ಎಂದು ಹೆಮ್ಮೆಪಟ್ಟೆ. ಆದರೆ ತಿಂದದ್ದು ಎಲ್ಲಿ ಹೋಗುತ್ತಿತ್ತೋ, ಎದೆ ಸವರಿದರೆ ನಡುಮೂಳೆ ಕುಡುಗೋಲಿನ ಅಲಗಿನಂತೆ ಕೈಗೆ ತಾಗುತ್ತಿತ್ತು. ನಾನು ಓಮದ ನೀರು, ದಾಳಿಂಬೆ ಸಿಪ್ಪೆಯ ಕಷಾಯ ಎರಡನ್ನೂ ಪ್ರಯೋಗಿಸಿದೆ. ಇದೇ ಔಷಧವನ್ನು ಹಿಂದೆ ಪಕ್ಕದ ಮನೆಯವರ ಗಿಳಿಗೂ ಹೇಳಿದ್ದೆ. ಅವರು ನನ್ನೊಡನೆ ಮಾತು ಬಿಟ್ಟು ಎರಡು ವರ್ಷವಾಗಿತ್ತು.

ಒಂದು ಬೆಳಿಗ್ಗೆ ಪಂಜರದ ಕೆಳಗಿನ ಕಾಗದ ತೆಗೆಯಲು ಹೋದ ನೀಲಮ್ಮ ಕೂಗಿಕೊಂಡಳು: “ಏನ್ರೀ, ಬರ್ರಿ ಇಲ್ಲಿ! ಹಿಕ್ಕೆ ಒಳಗೆ ಶಾವಿಗೆ ಎಳೆ ಇದ್ದಂಗೆ ಐತೆ, ಅಲ್ಲಾಡ್ತೈತೆ!”

ಆ ಹಿಕ್ಕೆಯನ್ನು ಖಾಲಿ ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ದನದ ಡಾಕ್ಟರ ಹತ್ತಿರ ಹೊರಟೆ. ಹೊಸ್ತಿಲಲ್ಲೇ ನೀಲಮ್ಮ ನನ್ನ ಕೈ ಹಿಡಿದು ತನ್ನ ತಲೆಯ ಮೇಲಿಟ್ಟುಕೊಂಡಳು. “ಆಣೆ ಮಾಡ್ರಿ. ಡಾಕ್ಟ್ರು ಹೇಳಿದ್ರಾಗೆ ಒಂದು ಹನೀನೂ ಇಳಿಸಬಾರ್ದು. ಚಂದ್ರಿಗೆ ಏನಾರ ಆದ್ರೆ ನಾನು ಮತ್ತೋಡಿಗೆ ಹೋಗೋಳೇ.” ಮತ್ತೋಡು ಅವಳ ತವರು. ಆಣೆ ಮಾಡಿದೆ.

ದಾರಿಯಲ್ಲಿ ಪರಿಚಯದ ಕುರಿಗಾರನೊಬ್ಬ, “ಏನಪ್ಪ ರುದ್ರಪ್ಪಣ್ಣ, ಕಡ್ಡಿ ಐತಾ?” ಎನ್ನುತ್ತ ನನ್ನ ಜೇಬಿನ ಪೊಟ್ಟಣಕ್ಕೆ ತಾನೇ ಕೈ ಹಾಕಿ ತೆರೆದ. ನೋಡಿದ. ಮುಚ್ಚಿಕೊಟ್ಟು, ಬಾಯಲ್ಲಿದ್ದ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಹೊರಟುಹೋದ.

ಡಾಕ್ಟರು ಹಿಕ್ಕೆಯನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. “ಜಂತುಹುಳದ ಮೊಟ್ಟೆ ಸಿಕ್ಕಾಪಟ್ಟೆ ಅವೆ. ನೋಡ್ರಿ.” ನಾನೂ ಬಗ್ಗಿ ನೋಡಿದೆ. ನನಗೆ ಕಂಡದ್ದು ನನ್ನದೇ ರೆಪ್ಪೆಗೂದಲು. ಆದರೂ “ಅಬ್ಬಬ್ಬಾ” ಎಂದೆ. ಅವರು ಚಿಕ್ಕ ಸೀಸೆಯಲ್ಲಿ ಔಷಧಿ ಬೆರೆಸಿ ಕೊಟ್ಟು, “ನೀರಿನ ಬಟ್ಟಲಿಗೆ ಹಾಕಿದ್ರೆ ಮುಟ್ಟಲ್ಲ, ಕೊಕ್ಕು ಬಿಡಿಸಿ ಬಾಯಿಗೇ ಬಿಡ್ರಿ. ಎಂಟು ಹನಿ” ಎಂದು ನನ್ನ ಮುಖವನ್ನೇ ನೋಡುತ್ತ ಕುಳಿತರು.

“ಆಗ್ಲಿ ಸಾರ್.”

“ಎಂಟು ಅಂದೆ.”

“ಹೂಂ ಸಾರ್, ಎಂಟು.”

ಅವರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಹರಿಯಬ್ಬೆಯವರ ಇಪ್ಪತ್ತು ಕುರಿಗಳು ಅಂಗಳಕ್ಕೆ ನುಗ್ಗಿದವು. ಡಾಕ್ಟರು ಎದ್ದು ಓಡಿದರು. ನಾನು ಮನೆಗೆ ಬಂದು, ಗಿಳಿಯನ್ನು ಕಂಬಳಿ ತುಂಡಿನಲ್ಲಿ ಸುತ್ತಿ, ಎರಡು ಸಲ ಕಚ್ಚಿಸಿಕೊಂಡು, ಎಣಿಸಿ ಎಂಟು ಹನಿ ಬಿಟ್ಟೆ. ಜೀವನದಲ್ಲಿ ಮೊದಲ ಬಾರಿಗೆ ಹೇಳಿದಷ್ಟನ್ನೇ ಮಾಡಿದ್ದೆ.

ಮಧ್ಯಾಹ್ನದ ಹೊತ್ತಿಗೆ ಚಂದ್ರಿ ಕೋಲಿನಿಂದ ಇಳಿದು ಪಂಜರದ ತಳದಲ್ಲಿ ತೂರಾಡುತ್ತಿತ್ತು. ಕಣ್ಣು ಅರ್ಧ ಮುಚ್ಚಿತ್ತು. ನೀಲಮ್ಮ ಅಳುತ್ತಲೇ ವಿಚಾರಣೆ ಶುರುಮಾಡಿದಳು. “ನಿಜ ಹೇಳ್ರಿ, ನಾಲ್ಕೇ ಹಾಕಿದ್ರಿ ತಾನೆ?”

“ನಿನ್ನಾಣೆ ಕಣೆ, ಎಂಟು!”

“ನೀವು? ಪೂರ್ತಿ ಎಂಟು?” ಅವಳು ನಂಬಲಿಲ್ಲ. ಟ್ರಂಕಿನ ಕಡೆ ನೋಡಿದಳು. ನಾನು ಡಾಕ್ಟರ ಹತ್ತಿರ ಓಡಿದೆ.

ಡಾಕ್ಟರೂ ನಂಬಲಿಲ್ಲ. “ಎಂಟೂ ಹಾಕಿದ್ರಾ? ನೀವಾ?”

“ನೀವೇ ಹೇಳಿದ್ರಲ್ಲ ಸಾರ್!”

“ಹೋದ ವರ್ಷ ನಿಮ್ಮ ಮೇಕೆಗೆ ಆರು ಚಮಚ ಅಂದ್ರೆ ಮೂರು ಹಾಕಿ, ಹುಳ ಬೀಳ್ಲಿಲ್ಲ ಅಂತ ನನ್ನನ್ನೇ ಬೈದ್ರಿ. ಅದಕ್ಕೇ ಈ ಸಲ ನಾಲ್ಕು ಹಾಕ್ಲಿ ಅಂತ ಎಂಟು ಹೇಳಿದ್ದು! ಇಳಿಸಿ ಅಂತ ನೀವು ಕೇಳ್ತೀರೇನೋ ಅಂತ ಕಾದೆ. ಕೇಳ್ಬಾರ್ದೇನ್ರಿ?”

ಗಿರಾಕಿಗಳಿಗೆ ನಾನು ಮಾಡುವುದನ್ನೇ ಅವರು ನನಗೆ ಮಾಡಿದ್ದರು. ಅವರೇ ಪಾಪ, ಸೈಕಲ್ ಹತ್ತಿ ನನ್ನ ಹಿಂದೆ ಮನೆಗೆ ಬಂದರು. ಗಿಳಿಯನ್ನು ಬೆಚ್ಚಗೆ ಇಡಿಸಿ ಬೆಲ್ಲದ ನೀರು ತೊಟ್ಟಿಕ್ಕಿಸಿದರು. “ಈ ಔಷಧಿ ವಸಿ ಹೆಚ್ಚಾದ್ರೂ ಗಿಳಿಗಳು ತಡ್ಕಂತಾವಮ್ಮ” ಎಂದು ನೀಲಮ್ಮನಿಗೆ ಹೇಳಿದರು, ತಮಗೂ ಹೇಳಿಕೊಂಡರು. ಸಂಜೆಯ ಹೊತ್ತಿಗೆ ಕಾಗದದ ಮೇಲೆ ಹುಳಗಳ ದೊಡ್ಡ ಸಿಕ್ಕೇ ಬಿದ್ದಿತ್ತು. ಚಂದ್ರಿ ಮೆಲ್ಲಗೆ ಕೋಲು ಹತ್ತಿ, ನೋಡಲು ಬಗ್ಗಿದ ಡಾಕ್ಟರ ಹೆಬ್ಬೆರಳನ್ನು ರಕ್ತ ಬರುವಂತೆ ಕಚ್ಚಿತು. “ಬದುಕ್ತು” ಎಂದರು ಅವರು, ಬೆರಳು ಚೀಪುತ್ತ. ನೀಲಮ್ಮ ಆ ಖುಷಿಯಲ್ಲಿ ಉಪ್ಪಿಟ್ಟು ಮಾಡಿದಳು. ಶಾವಿಗೆ ಮಾತ್ರ ನಮ್ಮ ಮನೆಯಲ್ಲಿ ಆರು ತಿಂಗಳು ಬೇಯಲಿಲ್ಲ.

ಗಿಳಿ ಸಾಕುವವರಿಗೆ ಪುಕ್ಕಟೆ ಸಲಹೆ ಕೊಡುತ್ತೇನೆ, ತೆಗೆದುಕೊಳ್ಳಿ. ತಿಂದೂ ತಿಂದೂ ಬಡವಾದರೆ ಹುಳ ಎಂದು ಅನುಮಾನಿಸಿ. ಹಿಕ್ಕೆ ತಾಜಾ ಇರುವಾಗಲೇ ಡಾಕ್ಟರಿಗೆ ತೋರಿಸಿ, ಆದರೆ ಬೆಂಕಿಪೊಟ್ಟಣದಲ್ಲಿ ಒಯ್ಯಬೇಡಿ. ಪಂಜರವನ್ನು ಮಣ್ಣುನೆಲದ ಮೇಲೆ ಇಡಬೇಡಿ, ಕೆಳಗಿನ ಕಾಗದ ದಿನಾ ಬದಲಿಸಿ. ಒಂದು ಸಲದ ಔಷಧಿಗೆ ಎಲ್ಲ ಹುಳವೂ ಹೋಗುವುದಿಲ್ಲ. ಉಳಿದ ಮರಿಹುಳ ಬಲಿತ ಮೇಲೆ ಇನ್ನೊಮ್ಮೆ ಹಾಕಬೇಕು.

ಆ ಇನ್ನೊಮ್ಮೆಗೆಂದು ನಾನು ಸೀಸೆ ಹಿಡಿದು ಮತ್ತೆ ಡಾಕ್ಟರ ಮುಂದೆ ಕುಳಿತೆ. ಅವರು ಹನಿಯ ಲೆಕ್ಕ ಹೇಳಲಿಲ್ಲ. “ರುದ್ರಪ್ಪನೋರೇ, ಮೊದ್ಲು ನೀವು ಹೇಳ್ರಿ. ಚೌಕಾಸಿ ಮಾಡ್ತೀರೋ ಇಲ್ಲೋ? ಆಮೇಲೆ ನಾನು ಹೇಳ್ತೀನಿ.”

“ದೇವರಾಣೆ ಬಿಟ್ಟೆ ಸಾರ್. ಇನ್ನು ನೀವು ಹೇಳಿದ್ದೇ ಹೇಳಿದ್ದು.”

ಡಾಕ್ಟರು ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಾಡಿಸಿದರು. “ಹದಿನೈದು ದಿನ ಬಿಟ್ಟು ಬರ್ರಿ ಅಂದಿದ್ದೆ. ಇವತ್ತಿಗೆ ಎಂಟೇ ದಿನ ಆಯ್ತು.”

ನಾನು ತಲೆ ಕೆರೆದುಕೊಂಡೆ. “ಹತ್ತಕ್ಕೆ ಆಗಲ್ಲೇನ್ರಿ ಸಾರ್?”