ಬರ್ತೀನಿ ಅಂದದ್ದಕ್ಕೆ

ಇನ್ನೊಬ್ಬರ ಮಾತನ್ನ ತಿರುಗಿಸಿ ಹೇಳೋ ಕೆಲಸದಲ್ಲಿ ಅವಾಂತರ ತಪ್ಪಿದ್ದಲ್ಲ. ನನಗಂತೂ ವಾರಕ್ಕೊಂದು ಗ್ಯಾರಂಟಿ ಇತ್ತು.

ಹೊರದೇಶದ ಲಾಯರ್ ಕಂಪನಿಯೊಂದು ತುಮಕೂರಿನ ಸದಾಶಿವನಗರದಲ್ಲಿ ಪುಟ್ಟ ಆಫೀಸ್ ತೆರೆದಿತ್ತು. ಇಲ್ಲಿನ ವ್ಯಾಪಾರಸ್ಥರಿಗೂ ಅವರ ದೇಶದವರಿಗೂ ಕರಾರು ಮಾಡಿಸೋದು ಅದರ ಕೆಲಸ. ಕನ್ನಡವನ್ನ ಇಂಗ್ಲಿಷಿಗೆ ತಿರುಗಿಸೋದು ನನ್ನ ಕೆಲಸ. ಹನ್ನೊಂದು ವರ್ಷ ತಿರುಗಿಸಿದೆ.

೧. ನೋಡೋಣ

ಗುಬ್ಬಿಯಿಂದ ತೆಂಗಿನ ನಾರಿನ ವ್ಯಾಪಾರಿಯೊಬ್ಬರು ಬಂದ್ರು. ಕರಾರು ಒಪ್ಪಿಗೇನಾ ಅಂತ, ಕನ್ನಡ ಬಾರದ ನಮ್ಮ ಸಾಹೇಬರು ನನ್ನಿಂದ ಕೇಳಿಸಿದ್ರು. ವ್ಯಾಪಾರಿ ಕಾಫಿ ಲೋಟ ಕೆಳಗಿಟ್ಟು, "ನೋಡೋಣ ಬುಡಿ ಸಾರ್" ಅಂತ ನಕ್ರು.

"ಒಪ್ಪಲ್ವಂತೆ" ಅಂದೆ ಇಂಗ್ಲಿಷಿನಲ್ಲಿ.

ಸಾಹೇಬರು ಕೆಂಪಗಾದ್ರು. "ಅವರು ನಗ್ತಿದಾರೆ, ನೀನು ಇಲ್ಲ ಅಂತೀಯ! ಅವರು ಹೇಳಿದ್ದಷ್ಟೇ ಹೇಳು."

"ನೋಡೋಣ" ಅಂತಷ್ಟೇ ಹೇಳಿದೆ. ಸಾಹೇಬರು ಖುಷಿಯಾಗಿ ಎರಡು ತಿಂಗಳು ಕಾದ್ರು. ಆಮೇಲೆ ಫೋನ್ ಮಾಡಿದ್ರೆ ವ್ಯಾಪಾರಿ, "ಅವತ್ತೇ ಬ್ಯಾಡ ಅಂದಿದ್ನಲ್ಲ ಕಣಪ್ಪ!" ಅಂದ್ರು.

ತಪ್ಪು ನನ್ನದಾಯ್ತು. ಸಾಹೇಬರು ಮೊಬೈಲಿಗೆ ಅನುವಾದದ ಆಪ್ ಹಾಕಿಸ್ಕೊಂಡ್ರು. "ಒಂದು ತಿಂಗಳು ನೋಡ್ತೀನಿ. ಇದೇ ಸಾಕು ಅನ್ನಿಸಿದ್ರೆ ನೀನು ಬೇಡ. ಇದಕ್ಕೆ ಸ್ವಂತ ಬುದ್ಧಿ ಇಲ್ಲ, ಅದೇ ಒಳ್ಳೇದು" ಅಂದ್ರು. ಐವತ್ತರ ಹತ್ತಿರ ಬಂದವನಿಗೆ ಇನ್ಯಾರು ಕೆಲಸ ಕೊಡ್ತಾರೆ? ಆದ್ರೆ ಸ್ವಂತ ಬುದ್ಧಿ ಇಲ್ಲದೆ ಇಲ್ಲಿ ಮೇಲೆ ಬಂದವರಲ್ಲಿ ಆಪ್ ಮೊದಲನೇದೇನಲ್ಲ.

೨. ತಲೆ

ಹಿರೇಹಳ್ಳಿ ಕಾರ್ಖಾನೆಯೊಂದರ ಮಾಲೀಕರು ಕುಣಿಗಲ್ ಕಡೆಯವರು, ಬಲು ಮಡಿವಂತರು. ಸಾಹೇಬರು ಕೇಳಿದ್ದನ್ನೇ ಐದನೇ ಸಲ ಕೇಳಿದಾಗ ರೇಗಿ, "ಸುಮ್ನೆ ತಲೆ ತಿನ್ಬೇಡ್ರೀ" ಅಂದ್ರು.

ಆಪ್ ಅದನ್ನ ಅಕ್ಷರಶಃ ಇಂಗ್ಲಿಷಿಗಿಳಿಸ್ತು. ಸಾಹೇಬರು ಗಂಭೀರವಾಗಿ ಬರ್ಕೊಂಡ್ರು. ನಾನು ಬಾಯಿ ತೆರೆದೆ. ಸುಮ್ನಿರು ಅಂತ ಕೈ ತೋರಿಸಿದ್ರು.

ಮುಂದಿನ ಮೀಟಿಂಗಿಗೆ ಹೋಟೆಲಿನಿಂದ ಊಟ ಬಂತು. ಮಾಲೀಕರ ಡಬ್ಬಿ ಮೇಲೆ ಸಾಹೇಬರು ಹೇಳಿ ಬರೆಸಿದ್ದ ಚೀಟಿ: "ಇವರಿಗೆ ತಲೆಮಾಂಸ ಬೇಡ. ಬೇರೆ ಮಾಂಸ ಆಗಬಹುದು."

"ಅಯ್ಯೋ ರಾಮ! ನಾವು ಈರುಳ್ಳೀನೂ ಮುಟ್ಟಲ್ಲ ಕಣ್ರೀ!" ಅಂತ ಎದ್ದು ಹೋದವರು ಮತ್ತೆ ಬರಲಿಲ್ಲ.

ಸಾಹೇಬರು ಹೋಟೆಲಿನವರಿಗೆ ಬೈದ್ರು. ಆಪ್‌ಗೆ ಒಂದು ಮಾತೂ ಇಲ್ಲ.

೩. ಬರ್ತೀನಿ

ತಿಂಗಳು ಮುಗೀತು. ಸಾಹೇಬರು ನನ್ನನ್ನ ಕರೆದು, ಹೇಳಬೇಕಾದ್ದನ್ನ ಆಪ್‌ನಿಂದಲೇ ಕನ್ನಡದಲ್ಲಿ ಹೇಳಿಸಿದ್ರು: "ನಾವು ನಿಮ್ಮನ್ನು ಹೋಗಲು ಬಿಡುತ್ತಿದ್ದೇವೆ."

ಇಷ್ಟು ವರ್ಷ ಕಟ್ಟಿ ಹಾಕಿದ್ರೇನೋ! ಕೆಲಸದಿಂದ ತೆಗೆದಿದ್ದನ್ನ ಇಂಗ್ಲಿಷಿನವರು ಹೇಳೋದು ಹೀಗೆ. ಎದ್ದು ನಿಂತೆ. ಹೊರಡುವಾಗ "ಹೋಗ್ತೀನಿ" ಅನ್ನಬಾರದು ಅಂತ ಅಮ್ಮ ಕಲಿಸಿದ್ದು. "ಬರ್ತೀನಿ ಸಾರ್" ಅಂದೆ.

ಆಪ್ ಅದನ್ನ ಹಾಗೇ ಇಂಗ್ಲಿಷಿನಲ್ಲಿ ಒಪ್ಪಿಸ್ತು.

"ಇಲ್ಲ, ನೀನು ಬರಬಾರದು!" ಅಂದ್ರು ಸಾಹೇಬರು.

"ಅದಕ್ಕೇ ಸಾರ್ ಬರ್ತೀನಿ ಅಂದಿದ್ದು" ಅಂದೆ. ಅದನ್ನೂ ಒಪ್ಪಿಸ್ತು. ಸಾಹೇಬರು ಬೆದರಿ ವಾಚ್‌ಮನ್‌ನ ಕೂಗಿದ್ರು.

ವಾಚ್‌ಮನ್ ಊರ್ಡಿಗೆರೆಯವನು, ಪಾಪ, ನನ್ನ ತೋಳು ಹಿಡಿದು ಮೆಟ್ಟಿಲು ಇಳಿಸ್ತಾ, "ಅಂಥದ್ದೇನಣ್ಣ ಮಾಡ್ದೆ?" ಅಂದ.

"ಬರ್ತೀನಿ ಅಂದೆ ಕಣೋ."

"ಅಷ್ಟಕ್ಕಾ?"

ಗೇಟಿನ ಹತ್ತಿರ ತೋಳು ಬಿಟ್ಟು, ಕಣ್ಣೊರೆಸ್ಕೊಂಡು, "ಹೋಗ್ಬಾ ಅಣ್ಣ" ಅಂದ. ಹಿಂದೆಯೇ ಮೊಬೈಲ್ ಹಿಡ್ಕೊಂಡು ಬಂದಿದ್ದ ಸಾಹೇಬರು ಅದನ್ನೂ ಇಂಗ್ಲಿಷಿನಲ್ಲಿ ಕೇಳಿಸ್ಕೊಂಡ್ರು.

ಮಾರನೇ ದಿನ ಅವನ ಕೆಲಸವೂ ಹೋಯ್ತು. ಹೊರಡುವಾಗ ಅವನೂ "ಬರ್ತೀನಿ ಸಾರ್" ಅಂದನಂತೆ.

ಈಗ ಆ ಗೇಟಿಗೆ ಎರಡು ಬೀಗ.