ಆಕಾಶನೌಕೆಯಾದ ತೊಂದೂರು

ಭೂಮಿ ಅನ್ಯಗ್ರಹದವರ ಪಾಲಾದದ್ದು ನನ್ನ ಸೋದರಮಾವನಿಂದ. ತಮಾಷೆಯಲ್ಲ! ಎಂಬತ್ತರ ದಶಕದ ಒಂದು ಭಾನುವಾರ, ಉಡುಪಿಯ ಅವರ ಮನೆಯ ಹಿತ್ತಿಲಲ್ಲಿ. ಶನಿವಾರವೂ ಇರಬಹುದು. ಚರಿತ್ರೆಯಲ್ಲಿ ಎಂ.ಎ. ಮಾಡಿದ ನನಗೆ ನೆನಪಿಗಿಂತ ಡೈರಿಯ ಮೇಲೆಯೇ ನಂಬಿಕೆ ಹೆಚ್ಚು. ಆ ನಂಬಿಕೆಗೂ ಏನಾಯಿತೆಂದು ಹೇಳುತ್ತೇನೆ.

ಮಣಿಪಾಲದಲ್ಲಿ ಗಣಿತ ಕಲಿಸುತ್ತಿದ್ದ ಮಾವನಿಗೆ ಕಟಪಾಡಿಯ ಬ್ಯಾರಿ ಗೆಳೆಯರೊಬ್ಬರು ದುಬೈಯಿಂದ ಸಣ್ಣದೊಂದು ಸಿನಿಮಾ ಕೆಮರಾ, ಮೂರು ರೀಲು ತಂದುಕೊಟ್ಟರು. ಒಂದು ರೀಲೆಂದರೆ ಮೂರೇ ನಿಮಿಷ, ಧ್ವನಿಯೂ ಇಲ್ಲ. ಬೇರೆಯವರಾಗಿದ್ದರೆ ಮಗುವಿನ ನಾಮಕರಣ ತೆಗೆಯುತ್ತಿದ್ದರು. ಮಾವ ಗ್ರಹಗಳ ಕಾಳಗ ತೆಗೆಯಲು ಹೊರಟರು!

ಮೊದಲ ರೀಲು ಕಾರ್ಕಳದ ಬೋಳು ಬಂಡೆಯ ಮೇಲೆ. ಅದು ಚಂದ್ರಲೋಕ. ನಾಯಕ ನಾನು, ಹೆಲ್ಮೆಟ್ ನೆರೆಮನೆಯ ಸ್ಕೂಟರಿನವರದು. ನಾನು ಚಂದ್ರನ ಮೇಲೆ ಹೆಜ್ಜೆಯಿಡುವಾಗ ಹಿಂದೆ ದನವೊಂದು ಬಂದು ನಿಂತಿತು.

“ಮಾವ, ಚಂದ್ರನಲ್ಲಿ ದನ ಉಂಟಾ?”

“ಇಲ್ಲ ಅಂತ ನಿನಗೆ ಹೇಳಿದ್ದು ಯಾರು? ನಡಿ ಮಾರಾಯ, ರೀಲು ಓಡ್ತಾ ಉಂಟು!”

ಎರಡನೆಯದು ಕಾಪುವಿನ ದೀಪಸ್ತಂಭದ ಕೆಳಗೆ. ಖಳನಾಯಕರಾಗಿ ಬಂದವರು ಯಕ್ಷಗಾನದಲ್ಲಿ ರಾಕ್ಷಸವೇಷಕ್ಕೆ ಹೆಸರಾದ ಕಲಾವಿದರು. ಮೈತುಂಬ ಬೆಳ್ಳಿಕಾಗದ. ಬಂದವರೇ ನನ್ನೊಡನೆ ಹೊಡೆದಾಡಿ ಬೀಳಬೇಕು, ಅಷ್ಟೆ. ಅವರು ಕುಣಿಯತೊಡಗಿದರು.

“ಎಂತ ಮಾಡ್ತಿದ್ದೀರಿ? ಹೊಡೆಯಿರಿ!”

“ಪ್ರವೇಶದ ಕುಣಿತ ಇಲ್ಲದೆ ರಾಕ್ಷಸ ಹೊಡೆಯುವುದುಂಟಾ ಮಾಷ್ಟ್ರೇ?”

ಕುಣಿತ ಮುಗಿಸಿ, ತಾನು ಯಾವ ಲೋಕದವನು, ತನ್ನ ಪರಾಕ್ರಮವೆಂಥದು ಎಂದು ಗಂಭೀರವಾಗಿ ಮಾತು ಸುರುಮಾಡಿದರು. ಧ್ವನಿಯೇ ಇಲ್ಲದ ಚಿತ್ರದಲ್ಲಿ! ತನ್ನ ಹೆಸರಿಗೆ ಬರುವಷ್ಟರಲ್ಲಿ ರೀಲು ಮುಗಿಯಿತು.

ಉಳಿದದ್ದು ಒಂದೇ ರೀಲು. ಅದರಲ್ಲಿ ಶತ್ರುವಿನ ಆಕಾಶನೌಕೆ ಸಿಡಿಯಬೇಕು. ಇಲ್ಲದಿದ್ದರೆ ಭೂಮಿಯೂ ಇಲ್ಲ, ಸಿನಿಮಾವೂ ಇಲ್ಲ. ನೌಕೆಯೆಂದರೆ ಅತ್ತೆ ಇಡ್ಲಿ ಬೇಯಿಸುವ ತಾಮ್ರದ ತೊಂದೂರು. ಮದುವೆಯಲ್ಲಿ ಅವರ ಅಮ್ಮ ಕೊಟ್ಟದ್ದು. ಅದರೊಳಗೆ ಉತ್ಸವಕ್ಕೆ ಸಿಡಿಸುವ ಗರ್ನಾಲು ಇಟ್ಟಾಯಿತು.

“ಸಿಡಿಸಿ ಮಾರಾಯರೇ,” ಎಂದರು ಅತ್ತೆ. “ಒಂದು ಪಾತ್ರೆ ಹೋದರೆ ಎಂತ? ನಿಮ್ಮ ಪಿಚ್ಚರ್ ಮುಗಿಯಲಿ.”

ನಾನು ದಾಸವಾಳದ ಮರೆಯಲ್ಲಿ ಊದುಬತ್ತಿ ಹಿಡಿದು ಮಾವನ ಕೈಸನ್ನೆಗೆ ಕಾದೆ. ಕೈ ಮೇಲೇಳಲೇ ಇಲ್ಲ. ಕೊನೆಗೆ, “ಕೆಮರಾ ಹಾಳಾಯಿತು. ಗರ್ನಾಲು ಹೊರಗೆ ತೆಗೆ,” ಎಂದರು.

ಡೈರಿಯಲ್ಲಿ ಬರೆದೆ: ‘ಕೆಮರಾ ಹಾಳು. ಭೂಮಿ ಹೋಯಿತು.’ ಮರುದಿನ ಬೆಳಿಗ್ಗೆ ಶತ್ರುನೌಕೆಯಿಂದ ಬಿಸಿ ಇಡ್ಲಿ ಇಳಿಯಿತು.

ಬೊಂಬಾಯಿಯಲ್ಲಿ ತೊಳೆಸಿ ತರಿಸಿದ ರೀಲುಗಳನ್ನು ನೋಡಲು ಪ್ರೊಜೆಕ್ಟರ್ ಸಿಕ್ಕಿದ್ದು ನಾಲ್ಕು ವರ್ಷ ಕಳೆದ ಮೇಲೆ. ದನಕ್ಕೆ ಚಪ್ಪಾಳೆ ಬಿತ್ತು. ಡಬ್ಬಿಯಲ್ಲಿ ಮೂರನೆಯ ರೀಲೂ ಇತ್ತು! ಮಾವ ತಡೆಯುವ ಮೊದಲೇ ಹಾಕಿಬಿಟ್ಟೆ.

ಗೋಡೆಯ ಮೇಲೆ ಅತ್ತೆ. ತುಟಿಗಳು ‘ಸಿಡಿಸಿ’ ಎನ್ನುತ್ತಿವೆ. ಕೈ ಮಾತ್ರ ಸೆರಗಿನಿಂದ ತೊಂದೂರಿನ ಮುಚ್ಚಳ ಒರೆಸುತ್ತಿದೆ. ಇನ್ನೇನು ಸಿಡಿಯಲಿರುವ ಪಾತ್ರೆಯನ್ನು! ಒರೆಸಿ, ಒಮ್ಮೆ ಅಂಗೈಯಿಟ್ಟು, ದೂರ ಸರಿಯುತ್ತಾರೆ. ಕೆಮರಾ ತೊಂದೂರನ್ನು ಬಿಟ್ಟು ಅವರ ಹಿಂದೆಯೇ ಹೋಗಿದೆ. ರೀಲು ಮುಗಿಯುವವರೆಗೂ ಅವರ ಮುಖ.

ನನ್ನ ಡೈರಿ ಸುಳ್ಳಾಯಿತು.

ಅತ್ತೆ ಎದ್ದು ದೀಪ ಹಾಕಿದರು. ಆಮೇಲೆ, “ಕೆಮರಾ ಹಾಳಾಗಿತ್ತು, ಅಲ್ವಾ?” ಎಂದರು.

“ಹೌದು ಮಾರಾಯ್ತಿ,” ಎಂದರು ಮಾವ, ಖಾಲಿ ಗೋಡೆಯಿಂದ ಕಣ್ಣು ತೆಗೆಯದೆ. “ತೊಂದೂರಿನ ಕಡೆಗೆ ತಿರುಗುತ್ತಲೇ ಇರಲಿಲ್ಲ.”