ಹಳೇ ಅಕ್ಕಿಯಂಥ ಟೈರು

ಎಂಬತ್ತರ ಹತ್ತಿರ ಬಂದ ವಿಧವೆಗೆ ಸ್ಪೋರ್ಟ್ಸ್ ಕಾರಿನ ಟೈರಿನ ಉಸಾಬರಿ ಯಾಕೆ ಎಂದು ನೀವು ಕೇಳಿದರೆ, ನ್ಯಾಯವಾಗಿಯೇ ಕೇಳಿದ್ದೀರಿ. ನಾನು ಓದಿದ್ದು ಮೂರನೇ ಕ್ಲಾಸು. ಆದರೂ ಮದರಾಸಿನ ಅಣ್ಣಾ ನಗರದ ನಮ್ಮ ಬೀದಿಯಲ್ಲಿ ಟೈರನ್ನು ಹೆಬ್ಬೆರಳಿನಿಂದ ಒತ್ತಿ ಅದರ ಗುಣಾವಗುಣ ಹೇಳುವ ಮುದುಕಿ ಇದ್ದರೆ ಅದು ನಾನೊಬ್ಬಳೇ. ಈ ಮಹಾವಿದ್ಯೆಗೆ ನಾನು ತೆತ್ತ ಗುರುದಕ್ಷಿಣೆ ಎಂಥದ್ದು ಎಂಬುದನ್ನೇ ಹೇಳಲು ಹೊರಟಿದ್ದೇನೆ.

ಮೊದಲು ನನ್ನ ಸೀಟಿನ ವಿಚಾರ. ನಾನು ಮದುವೆಯಾಗಿ ಬಂದದ್ದು ತ್ರಿಪ್ಲಿಕೇನಿನ ಒಂದು ವಠಾರಕ್ಕೆ. ನಮ್ಮ ಯಜಮಾನರು ಪದ್ಮನಾಭರಾಯರು ಹಾರ್ಬರಿನಲ್ಲಿ ಗುಮಾಸ್ತರು. ಅವರಿಗೊಂದು ಸ್ಕೂಟರು, ಹಿಂದೆ ನಾನು, ನನ್ನ ತೊಡೆಯ ಮೇಲೆ ತರಕಾರಿ ಚೀಲ. ಅವರು ಎತ್ತರದ ಆಳು. ಮದರಾಸಿನಲ್ಲಿ ಸಮುದ್ರವಿದೆ, ಲೈಟ್‌ಹೌಸಿದೆ ಎಂದು ಜನ ಹೇಳುತ್ತಿದ್ದರು. ನಾನು ಕಂಡ ಮದರಾಸು ಬಿಳಿ ಶರ್ಟಿನ ಒಂದು ಬೆನ್ನು. ತಿರುವು ಬಂದಾಗಲೆಲ್ಲ "ಗಟ್ಟಿ ಹಿಡ್ಕೊಂಡ್ಯಾ?" ಅನ್ನುವರು. "ಹೂಂ" ಅನ್ನುವೆ. ನಮ್ಮ ದಾಂಪತ್ಯದ ಮಾತುಕತೆಯಲ್ಲಿ ಅರ್ಧ ಇದೇ.

ಅವರು ಹೋದ ಮೇಲೆ ಹಾಗೆ ಕೇಳುವವರಿಲ್ಲ. ಸೊಸೆಯ ದೊಡ್ಡ ಕಾರಿನಲ್ಲಿ ಮುಂದೆ ಮಗ ಸೊಸೆ, ಹಿಂದೆ ನಾನು, ಮಡಿಸಿದ ಕೊಡೆ, ತೆಂಗಿನಕಾಯಿ ಚೀಲ. ರಸ್ತೆಯೆಂದರೆ ಎರಡು ತಲೆಗಳ ನಡುವಿನ ಒಂದು ಸಂದಿ. ಗಂಡ ಸತ್ತವಳು ಹೊರಡುವಾಗ ಮುಂದೆ ನಿಲ್ಲಬಾರದು ಎಂದು ನನಗೆ ಯಾರೂ ಹೇಳಲಿಲ್ಲ. ಹೇಳಿಕೊಡದೆ ನಾನು ಕಲಿತ ಪಾಠಗಳಲ್ಲಿ ಅದೊಂದು. (ಹೇಳಿಕೊಟ್ಟದ್ದು ಯಾವುದೂ ತಲೆಗೆ ಹೋಗಲಿಲ್ಲ ಎಂಬುದು ಬೇರೆ ಮಾತು.)

ಹೀಗಿರುವಾಗ ನನ್ನ ಮಗ ಮುರಳೀಧರ ಬ್ಯಾಂಕಿನಿಂದ ರಿಟೈರಾದ. ಆದವನು ಕಾಶಿಗೆ ಹೋಗಲಿಲ್ಲ. ತಿರುವೊಟ್ಟಿಯೂರಿಗೆ ಹೋಗಿ ಯಾರೋ ಮಾರುತ್ತಿದ್ದ ಕೆಂಪು ಸ್ಪೋರ್ಟ್ಸ್ ಕಾರೊಂದನ್ನು ತಂದ. ಎರಡು ಬಾಗಿಲು, ಎರಡೇ ಸೀಟು. ಸದ್ದು ಮಾತ್ರ ಒಂದು ಮದುವೆ ದಿಬ್ಬಣದಷ್ಟು.

ಸೊಸೆ ಭಾವನಾ ಮೈಸೂರಿನ ಹುಡುಗಿ. (ಐವತ್ತೈದು ದಾಟಿದೆ, ನನಗಿನ್ನೂ ಹುಡುಗಿಯೇ.) ಅವಳು ಗೇಟಿನ ಹತ್ತಿರ ನಿಂತು ಕಾರನ್ನೂ ಗಂಡನನ್ನೂ ಒಂದೇ ಸಲ ನೋಡಿದಳು.

"ಅರವತ್ತಾಯ್ತು, ಶಾಂತಿ ಮಾಡಿಸ್ಕೊಳ್ಳಿ ಅಂದ್ರೆ ಅಶಾಂತೀನ ತಂದು ಬಾಗಿಲಲ್ಲಿ ನಿಲ್ಸಿದೀರಲ್ಲ!"

"ಜೀವಮಾನವೆಲ್ಲ ಬೇರೆಯವ್ರ ಕಾರ್ ಲೋನಿಗೆ ಸೈನ್ ಹಾಕಿದೀನಿ ಭಾವನಾ. ಒಂದು ನಂದಾಗಿರ್ಲಿ ವಿಡು." (ಮದರಾಸಿನಲ್ಲೇ ಬೆಳೆದವನು, ಅವನ ಕನ್ನಡದಲ್ಲಿ ಬಿಡು ವಿಡು ಆಗುತ್ತದೆ, ಬಾಯಿ ವಾಯಿ ಆಗುತ್ತದೆ.)

"ಇದನ್ನ ನೀವು ಓಡಿಸ್ಕೊಂಡು ಬಂದ ಸ್ಪೀಡು ನೋಡಿದ್ರೆ ಎದೆ ಬಾಯಿಗೆ ಬರತ್ತೆ. ಈ ಗಾಡೀಲಿ ನಾನು ಕೂತ್ರೆ ನನ್ನ ಹೆಸರು ಭಾವನಾ ಅಲ್ಲ."

ಈ ಭೀಷ್ಮಪ್ರತಿಜ್ಞೆಯಿಂದ ಲಾಭವಾದದ್ದು ನನಗೆ. ಎರಡೇ ಸೀಟಿನ ಗಾಡಿಯಲ್ಲಿ ಹಿಂದೆ ಎಂಬುದೇ ಇಲ್ಲವಲ್ಲ! ಗುರುವಾರ ಗುರುವಾರ ಬೆಳಿಗ್ಗೆ ಮುರಳಿ ನನ್ನನ್ನು ಅದರಲ್ಲಿ ತ್ರಿಪ್ಲಿಕೇನಿನ ರಾಯರ ಮಠಕ್ಕೆ ಕರೆದುಕೊಂಡು ಹೋಗತೊಡಗಿದ. ಸೀಟು ನೆಲಕ್ಕೆ ಎಷ್ಟು ಹತ್ತಿರವೆಂದರೆ, ಮಣೆಯ ಮೇಲೆ ಊಟಕ್ಕೆ ಕೂತಂತೆ; ಎದುರಿಗೆ ಎಲೆಯೊಂದು ಕಡಿಮೆ. ಕೂರುವುದು ಸುಲಭ. ಏಳುವುದಕ್ಕೆ ಮುರಳಿಯದೊಂದು ಕೈ, ಮಠದ ಬಾಗಿಲಲ್ಲಿ ಹೂವು ಮಾರುವವಳದೊಂದು ಕೈ ಬೇಕು. ಬರುವಾಗ ಬೀಚಿನ ರಸ್ತೆ. ಎದುರಿಗೆ ಯಾರ ಬೆನ್ನೂ ಇಲ್ಲ, ಯಾರ ತಲೆಯೂ ಇಲ್ಲ. ರಸ್ತೆ ಇಡಿಯಾಗಿ ನನ್ನ ಕಡೆಗೇ ಬರುತ್ತಿತ್ತು. ಮೊದಲ ದಿನ ತಿರುವಿನಲ್ಲಿ ನನಗೇ ತಿಳಿಯದೆ "ಹೂಂ" ಅಂದುಬಿಟ್ಟೆ. "ಏನಮ್ಮ?" ಅಂದ ಮುರಳಿ. "ಏನೂ ಇಲ್ಲ, ರಸ್ತೆ ನೋಡು" ಅಂದೆ.

ಇಷ್ಟು ಸುಖವನ್ನು ಮನೆಯಲ್ಲಿ ತೋರಿಸಬಾರದು, ಕಣ್ಣು ಬೀಳುತ್ತದೆ. ಆದ್ದರಿಂದ ವಾಪಸು ಬಂದೊಡನೆ "ಅಯ್ಯೋ ನನ್ನ ಮಂಡೀ, ಆ ಪಾತಾಳದ ಸೀಟಿನಿಂದ ಎದ್ದು ಬರೋದು ಯಾರ ಕೈಲಾಗತ್ತೆ" ಎಂದು ಸೊಸೆಗೆ ಕೇಳುವಂತೆ ಗೋಳಾಡುತ್ತಿದ್ದೆ. ಈ ಗೋಳನ್ನು ನೀವು ಸ್ವಲ್ಪ ನೆನಪಿಟ್ಟುಕೊಳ್ಳಿ.

ಮಳೆ ಬಿದ್ದ ಒಂದು ಗುರುವಾರ ಮೌಂಟ್ ರೋಡಿನ ಸಿಗ್ನಲ್ಲಿನಲ್ಲಿ ಮುರಳಿ ಬ್ರೇಕು ಒತ್ತಿದ. ಕಾರು ನಿಲ್ಲಲಿಲ್ಲ, ಬಚ್ಚಲಲ್ಲಿ ಸೋಪು ಜಾರಿದ ಹಾಗೆ ಜಾರಿ, ಮುಂದಿದ್ದ ಆಟೋದ ಬೆನ್ನಿಗೆ ಗೇಣಿನಷ್ಟು ದೂರದಲ್ಲಿ ನಿಂತಿತು. ಆಟೋದವನು ಇಳಿದು ಬಂದು ನಮ್ಮ ಚಕ್ರಗಳನ್ನು ನೋಡಿದ.

"ಎನ್ನ ಸಾರ್, ನಿಮ್ಮ ಟೈರು ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂತಾ?"

ನಿಜಕ್ಕೂ ಒಂದು ಗೆರೆಯೂ ಇರಲಿಲ್ಲ. ಬೋಳು.

ಸುದ್ದಿ ಮನೆಗೆ ನಮಗಿಂತ ಮೊದಲೇ ಹೇಗೆ ಹೋಯಿತೋ ರಾಯರೇ ಬಲ್ಲರು. ಟೈರು ಬದಲಾಯಿಸಬೇಕು, ಈ ಜಾತಿಯ ಕಾರಿಗೆ ಪರ್ಫಾರ್ಮೆನ್ಸ್ ಟೈರೇ ಆಗಬೇಕು ಎಂದು ಮುರಳಿ ಬೆಲೆ ಹೇಳಿದ. ಭಾವನಾ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು.

"ಪರ್ಫಾರ್ಮೆನ್ಸು! ಟೈರು ಏನು ಭರತನಾಟ್ಯ ಮಾಡತ್ತಾ? ನೋಡಿ, ನನ್ನ ಕಾರಿಗೆ ಹಾಕಿಸಿದಷ್ಟರಲ್ಲೇ ಇದಕ್ಕೂ ಆದ್ರೆ ಹಾಕಿಸ್ಕೊಳ್ಳಿ. ಇಲ್ಲಾಂದ್ರೆ ಭಾನುವಾರ ಮೇಲ್ಮನೆ ಭೋಜರಾಜರು ಅಡ್ವಾನ್ಸ್ ತರ್ತೀನಿ ಅಂದಿದಾರೆ, ಗಾಡಿ ಅವರಿಗೆ."

ಭೋಜರಾಜರಿಗೆ ಹೋಗುವುದು ಬರೀ ಕಾರಲ್ಲ, ನನ್ನ ಸೀಟು.

"ಅಷ್ಟಕ್ಕೆ ಸಿಗತ್ತಾ ಭಾವನಾ? ಸುಮ್ನೆ ವಾಯಿಗೆ ಬಂದದ್ದು ಹೇಳ್ಬೇಡ."

"ನೀವು ಹೋದ್ರೆ ಸಿಗಲ್ಲ. ಅತ್ತೆ ಬರ್ಲಿ. ಸೊಪ್ಪಿನವಳು ಅತ್ತೇನ ಕಂಡ್ರೆ ಬುಟ್ಟಿ ಎತ್ಕೊಂಡು ಓಡ್ತಾಳೆ."

ಹೀಗೆ ನಾನು ಟೈರು ಖರೀದಿಗೆ ಸರ್ವಾಧಿಕಾರಿಯಾಗಿ ನೇಮಕಗೊಂಡೆ.

ಜನರಲ್ ಪ್ಯಾಟರ್ಸ್ ರೋಡಿನಲ್ಲಿ ಕಾರಿನ ಸಾಮಾನಿನ ಅಂಗಡಿಗಳು ಸಾಲು ಸಾಲು. ನಾವು ಹೊಕ್ಕ ಅಂಗಡಿಯವರ ಹೆಸರು ತಿರುಮಲ. ಹಣೆಗೆ ನಾಮ, ಕೈಗೆ ಗ್ರೀಸು. ಕುರ್ಚಿ ಇರಲಿಲ್ಲವಾಗಿ ಎರಡು ಟೈರು ಒಂದರ ಮೇಲೊಂದು ಇಟ್ಟು "ಉಕ್ಕಾರುಂಗ ಪಾಟಿ" ಅಂದರು. (ಇಲ್ಲಿ ಅಜ್ಜಿಗೆ ಪಾಟಿ ಎನ್ನುವುದು. ನಮ್ಮ ಮಾತು ತಮಿಳಿನಲ್ಲೇ ನಡೆಯಿತು, ನಿಮಗಾಗಿ ಕನ್ನಡದಲ್ಲಿ ಹೇಳುತ್ತೇನೆ.) ನಾನು ಕೂತೆ. ಕೂತವಳು ಮೆಲ್ಲಗೆ ಒಳಗೆ ಇಳಿದೆ.

ಮೊದಲು ಒಂದು ವಿದೇಶಿ ಟೈರು ತೋರಿಸಿದರು. ಬದನೆಕಾಯಿ ನೋಡುವ ಹಾಗೆ ಹೆಬ್ಬೆರಳಿನಿಂದ ಒತ್ತಿದೆ, ಮೆತ್ತಗಿತ್ತು. ಮೂಸಿದೆ.

"ಪಾಟಿ, ಅದು ಊದುಬತ್ತಿ ಅಲ್ಲ."

"ಸರಕು ಅಂದಮೇಲೆ ಮೂಸಿ ನೋಡ್ಬೇಕಪ್ಪ. ಮೆತ್ತಗಿದೆಯಲ್ಲ, ಕೊಳೆತಿಲ್ಲ ತಾನೆ?"

ಅವರು ತಾಳ್ಮೆಯಿಂದ ಹೇಳಿದರು: ಮೆತ್ತಗಿನ ರಬ್ಬರು ರಸ್ತೆಯನ್ನು ಬಿಗಿಯಾಗಿ ಹಿಡಿಯುತ್ತದೆ, ಹಿಡಿದು ಹಿಡಿದು ತಾನು ಬೇಗ ಸವೆಯುತ್ತದೆ. ಗಟ್ಟಿಯದು ಸವೆಯುವುದಿಲ್ಲ, ಆದರೆ ರಸ್ತೆಯನ್ನೂ ಅಷ್ಟಾಗಿ ಹಿಡಿಯುವುದಿಲ್ಲ. ನಮ್ಮತ್ತೆ ಎರಡನೇ ಜಾತಿ, ನಾನು ಮೊದಲನೇದು ಅಂದುಕೊಂಡೆ. ಈಗ ಸ್ವಲ್ಪ ಅನುಮಾನವಿದೆ.

ಮೆತ್ತಗಿನದರ ಬೆಲೆ ಕೇಳಿದ ಮುರಳಿ ಸೀಲಿಂಗು ನೋಡಿದ. ದೇಶಿ ಮಾಲು ಇನ್ನೊಂದಿತ್ತು. ಅದೂ ಭಾವನಾಳ ಗೆರೆ ದಾಟುತ್ತಿತ್ತು. ಆಗ ನನ್ನ ಕಣ್ಣು ಮೂಲೆಯಲ್ಲಿದ್ದ ನಾಲ್ಕು ಟೈರುಗಳ ಮೇಲೆ ಬಿತ್ತು. ಮೊದಲು ತೋರಿಸಿದ್ದೇ ಕಂಪೆನಿ, ಅದೇ ಅಳತೆ, ಅದೇ ಗೆರೆ. ಬೆಲೆ ಮಾತ್ರ ಅರ್ಧಕ್ಕಿಂತ ಚೂರು ಮೇಲೆ.

"ಇದ್ಯಾಕಪ್ಪ ಸೋವಿ?"

"ಅದು ಹಳೇ ಸ್ಟಾಕು ಪಾಟಿ. ಇಲ್ಲಿ ಪಕ್ಕದಲ್ಲಿ ನಂಬರಿದೆ ನೋಡಿ, ಯಾವ ವಾರ ಯಾವ ವರ್ಷ ಮಾಡಿದ್ದು ಅಂತ. ಯಾರೋ ಆರ್ಡರ್ ಕೊಟ್ಟು ಕಾರನ್ನೇ ಮಾರಿಬಿಟ್ಟರು. ನಾಲ್ಕು ವರ್ಷದಿಂದ ಗೋಡೌನಲ್ಲೇ ಕೂತಿದೆ."

ನನಗೆ ನಗು ಬಂತು, ತೋರಿಸಲಿಲ್ಲ. ನಮ್ಮತ್ತೆಯ ಉಗ್ರಾಣ ಕಣ್ಣೆದುರು ಬಂದು ನಿಂತಿತು. ಹೊಸ ಅಕ್ಕಿ ಬಂದರೆ ಅವರು ಮೂಟೆ ಬಿಚ್ಚಲೂ ಬಿಡುತ್ತಿರಲಿಲ್ಲ. ವರ್ಷ ಕಳೆಯಬೇಕು, ಆಗ ಅದು ಅಕ್ಕಿ. ಹಬ್ಬಕ್ಕೆ, ಶ್ರಾದ್ಧಕ್ಕೆ, ಅಳಿಯ ಬಂದರೆ ಹಳೇ ಅಕ್ಕಿ. ಹುಣಸೆಹಣ್ಣು ಕಪ್ಪಾದಷ್ಟೂ ಒಳ್ಳೆಯದು, ನಿಂಬೆ ಉಪ್ಪಿನಕಾಯಿ ಹಳತಾದಷ್ಟೂ ಔಷಧಿ. ಈ ಟೈರು ಕಪ್ಪಗಿದೆ, ನಾಲ್ಕು ವರ್ಷ ನೆರಳಲ್ಲಿ ಹದವಾಗಿ ಕೂತಿದೆ, ಅದನ್ನು ಈ ಪುಣ್ಯಾತ್ಮ ಅರ್ಧ ಬೆಲೆಗೆ ಕೊಡುತ್ತಾನಂತೆ! ಒತ್ತಿ ನೋಡಿದೆ. ಕಲ್ಲು. ಏನು ಗಟ್ಟಿ!

"ಮುರಳೀ, ಇದೇ."

"ಅಮ್ಮ, ಅದು ಗಟ್ಟಿಯಾಗ್ಬಿಟ್ಟಿದೆ, ಸರಿಪಡಲ್ಲ."

"ಹಳೇ ಅಕ್ಕಿ ಕಣೋ. ಹೊಸ ಅಕ್ಕಿ ಅನ್ನ ಮೆತ್ತಗೆ, ಕೈಗೆಲ್ಲ ಅಂಟು. ಹಳೇದು ಬಿಡಿಬಿಡಿಯಾಗಿರತ್ತೆ."

"ಟೈರು ಅಂಟ್ಬೇಕಮ್ಮ! ಅದಕ್ಕೇ ಅಷ್ಟು ದುಡ್ಡು ಕೊಡೋದು!"

"ನಿಂಗೆ ಕಾರು ಬೇಕಾ, ಭೋಜರಾಜರಿಗೆ ಕೊಡ್ಬೇಕಾ?"

ಮುರಳಿ ಪರ್ಸು ತೆಗೆದ. ಆದರೂ ಭಾವನಾಳ ಗೆರೆಗೆ ಇನ್ನೊಂದು ಸ್ವಲ್ಪ ಇಳಿಯಬೇಕಿತ್ತು. ಮನಸ್ಸಿನಲ್ಲಿ ಹಳೇ ಅಕ್ಕಿ ಅಂದರೂ ಬಾಯಲ್ಲಿ "ಹಳಸಲು, ಮುಗ್ಗಲು" ಎಂದೆ. ತಿರುಮಲ ಅಲ್ಲಾಡಲಿಲ್ಲ. ಚೌಕಾಸಿಯ ಬ್ರಹ್ಮಾಸ್ತ್ರವೆಂದರೆ ಎದ್ದು ಹೊರಟುಬಿಡುವುದು. "ನಡೀ ಮುರಳಿ, ಬೇರೆ ಅಂಗಡಿಗೆ ಹೋಗೋಣ" ಎಂದು ಘೋಷಿಸಿ ಏಳಲು ಹೋದೆ. ಆಗಲಿಲ್ಲ. ಟೈರಿನ ತೂತಿನಲ್ಲಿ ನಾನು ಬಿರಡೆಯಂತೆ ಕೂತುಬಿಟ್ಟಿದ್ದೆ. ಬ್ರಹ್ಮಾಸ್ತ್ರ ಬತ್ತಳಿಕೆಯಲ್ಲೇ ಸಿಕ್ಕಿಕೊಂಡ ಮೇಲೆ ಬೇರೆ ದಾರಿ ಏನು? "ಸರಿಯಪ್ಪ, ನೀನು ಇಳಿಸೋವರೆಗೂ ನಾನು ಇಲ್ಲೇ ಕೂತಿರ್ತೀನಿ" ಎಂದು ಜಪಮಣಿ ತೆಗೆದೆ.

ಒಳಗೆ ಬಂದ ಗಿರಾಕಿಗಳೆಲ್ಲ "ಪಾಟಿಗೆ ಏನಾಯಿತು? ಯಾಕೆ ಹೀಗೆ ಕೂತಿದಾರೆ?" ಎಂದು ಕೇಳತೊಡಗಿದರು. ಮೂರನೆಯವರು ಪೊಲೀಸರ ಮಾತೆತ್ತಿದಾಗ ತಿರುಮಲ ಕೈ ಮುಗಿದು ಇಳಿಸಿದರು. ಆಮೇಲೆ ನಾಲ್ಕು ಜನ ಸೇರಿ ನನ್ನನ್ನು ಎಬ್ಬಿಸಿದರು.

"ಸಾರ್," ಎಂದರು ಅವರು ಮುರಳಿಗೆ ಬಿಲ್ಲು ಕೊಡುತ್ತಾ, "ಕಛೇರಿಗೆ ಸಂಗೀತ ಕೇಳೋಕೆ ಹೋಗೋ ಹಾಗೆ ನಿಧಾನವಾಗಿ ಓಡಿಸಿ, ಏನೂ ಆಗಲ್ಲ. ರೇಸಿಗೆ ಹೋಗೋ ಹಾಗೆ ಓಡಿಸಿದ್ರೆ ನನ್ನ ಕೇಳ್ಬೇಡಿ."

ಶನಿವಾರ ಬೆಳಿಗ್ಗೆ ಹೊಸ ಟೈರಿಗೆ ಪೂಜೆ. ಟೈರುಗಳ ಕೆಳಗೆ ನಿಂಬೆಹಣ್ಣು ಇಟ್ಟಾಯಿತು. ಬಿಲ್ಲು ನೋಡಿದ ಭಾವನಾ ಆಶ್ಚರ್ಯಪಟ್ಟು, ಕೊಟ್ಟ ಮಾತಿಗೆ ಕಟ್ಟುಬಿದ್ದು, ಆರತಿ ತಟ್ಟೆ ಹಿಡಿದುಕೊಂಡು ಬಂದಳು. ನಾನು ಎಂದಿನಂತೆ ಬಾಗಿಲ ಹಿಂದಕ್ಕೆ ಸರಿದು ನಿಂತೆ. ನನ್ನ ಸೀಟು ಉಳಿಯಿತು ಎಂದು ಮನಸ್ಸು ತುಂಬಿತ್ತು. ಮುರಳಿ ಗಾಡಿ ಶುರು ಮಾಡಿ, "ಬಾರಮ್ಮ, ಒಂದು ರೌಂಡು" ಎಂದು ನನ್ನನ್ನೇ ಕರೆದ.

ಹೋಗಿ ಕೂತಿದ್ದರೆ ಮುಗಿದಿತ್ತು. ಆದರೆ ಅಷ್ಟು ವರ್ಷದ ಅಭ್ಯಾಸ, ನಾಲಿಗೆ ನನ್ನನ್ನು ಕೇಳದೆ ಮಾತಾಡಿತು.

"ಪೂಜೆಯಾದ ಗಾಡೀಲಿ ಮೊದಲು ನಾನಾ? ಮುತ್ತೈದೆ ಕೂತ್ಕೊಳ್ಳಲಿ. ಭಾವನಾ, ಮೂಲೆ ಪಿಳ್ಳೆಯಾರ್ ಗುಡಿವರೆಗೆ ಹೋಗ್ಬಿಟ್ಟು ಬಾರಮ್ಮ."

"ನಾನು ಕೂರಲ್ಲ ಅಂದಿದೀನಲ್ಲ ಅತ್ತೆ."

"ಶಾಸ್ತ್ರಕ್ಕೆ. ಒಂದೇ ಸಲ."

ಭಾವನಾ ಸೆರಗು ಬಿಗಿದುಕೊಂಡು, ಕಣ್ಣು ಮುಚ್ಚಿಕೊಂಡು ಕೂತಳು. ನಿಂಬೆಹಣ್ಣುಗಳು ಚಪ್ಪಟೆಯಾದವು. ಕಾರು ಹೋಯಿತು.

ಮೂಲೆಯ ಗಣಪತಿ ಗುಡಿಗೆ ಹೋದವರು ಊಟದ ಹೊತ್ತಾದರೂ ಬರಲಿಲ್ಲ. ನಾನು ಹುಳಿ ಕುದಿಸಿ, ಆರಿಸಿ, ಮತ್ತೆ ಬಿಸಿ ಮಾಡಿದೆ. ಬಂದಾಗ ಭಾವನಾಳ ತಲೆಯಲ್ಲಿ ಮೊಳದಷ್ಟು ಮಲ್ಲಿಗೆ, ಕಾಲಲ್ಲಿ ಬೀಚಿನ ಮರಳು.

"ಅತ್ತೇ, ಏನು ಚೆನ್ನಾಗಿದೆ ಗೊತ್ತಾ! ಈ ಟೈರಲ್ಲಿ ಜೋರಾಗಿ ಹೋದ್ರೆ ಜಾರತ್ತಂತೆ, ಅದಕ್ಕೆ ಇವರು ಮನುಷ್ಯರ ಹಾಗೆ ನಿಧಾನವಾಗಿ ಓಡಿಸ್ತಿದಾರೆ. ಇಷ್ಟು ವರ್ಷಕ್ಕೆ ಮೊದಲನೇ ಸಲ ಇವರ ಪಕ್ಕದಲ್ಲಿ ಎದೆ ಹಿಡ್ಕೊಳ್ದೆ ಕೂತಿದ್ದೆ. ಭೋಜರಾಜರಿಗೆ ಫೋನ್ ಮಾಡಿ ಇಲ್ಲ ಅಂದ್ಬಿಟ್ಟೆ."

"ಒಳ್ಳೇದಾಯ್ತಮ್ಮ" ಅಂದೆ.

"ಗುರುವಾರ ಮಠಕ್ಕೂ ನಾವಿಬ್ರೂ ಇದರಲ್ಲೇ ಹೋಗ್ತೀವಿ. ನಿಮಗೆ ದೊಡ್ಡ ಕಾರಿಗೆ ಡ್ರೈವರ್ ಹೇಳಿದೀನಿ. ಪಾಪ, ವಾರ ವಾರ ಆ ಪಾತಾಳದ ಸೀಟಿನಿಂದ ಎದ್ದು ನಿಮ್ಮ ಮಂಡಿ ಎಷ್ಟು ನೊಂದಿದೆ! ನಂಗೆ ಗೊತ್ತಾಗಲ್ವಾ ಅತ್ತೆ?"

ಗೊತ್ತಾಗುವ ಹಾಗೆ ಗೋಳಾಡಿದವಳು ನಾನೇ.

ಗುರುವಾರ ಡ್ರೈವರು ಬಂದ. ನಾನು ಮೆಲ್ಲಗೆ ಮುಂದಿನ ಬಾಗಿಲಿಗೆ ಕೈ ಹಾಕಿದೆ. ಅವನು ಓಡಿ ಬಂದು ಹಿಂದಿನ ಬಾಗಿಲು ತೆಗೆದು, "ಓನರಮ್ಮ ಹಿಂದೆ ತಾನೆ ಪಾಟಿ ಕೂತ್ಕೋಬೇಕು!" ಎಂದು ಬಗ್ಗಿ ನಿಂತ. ಅಷ್ಟು ಮರ್ಯಾದೆಯನ್ನು ದಾಟಿ ಮುಂದಿನ ಸೀಟಿಗೆ ಹೋಗುವುದು ಹೇಗೆ? ಕೂತೆ. ಬೀಚಿನ ರಸ್ತೆಯಲ್ಲಿ ಕೆಂಪು ಕಾರು ನಮ್ಮ ಮುಂದೆ ನಿಧಾನವಾಗಿ ಹೋಗುತ್ತಿತ್ತು. ಅದರಲ್ಲಿ ಎರಡು ತಲೆಗಳು, ನಡುವೆ ಒಂದು ಸಂದಿ.

ಮೊನ್ನೆ ತಿಂಡಿಯ ಹೊತ್ತಿನಲ್ಲಿ ಮುರಳಿ ಹೇಳಿದ: "ಅಮ್ಮ, ಮೆಕ್ಯಾನಿಕ್ ನೋಡ್ದ. ಟೈರು ಒಂದು ಚೂರೂ ಸವೆದಿಲ್ಲವಂತೆ. ನೀನ್ ಹೇಳಿದ್ದೇ ಕರೆಕ್ಟು."

"ಅತ್ತೆ ಆರಿಸಿದ್ದು ಅಂದ್ರೆ ಸುಮ್ನೇನಾ!" ಎಂದು ಭಾವನಾ ನನ್ನ ತಟ್ಟೆಗೆ ಇನ್ನೊಂದು ದೋಸೆ ಹಾಕಿದಳು.

ಈಗ ದಿನಾ ಬೆಳಿಗ್ಗೆ ಹಾಲು ತರಲು ಕೆಳಗೆ ಹೋದಾಗ ಕೆಂಪು ಕಾರಿನ ಹತ್ತಿರ ನಿಲ್ಲುತ್ತೇನೆ. ಬಗ್ಗಿ, ಹೆಬ್ಬೆರಳಿನಿಂದ ಟೈರನ್ನು ಒತ್ತುತ್ತೇನೆ. ಗೆರೆಯೊಳಗೆ ಉಗುರು ಇಟ್ಟು ಆಳ ನೋಡುತ್ತೇನೆ. ಇವು ಸವೆದ ದಿನ ಅಂಗಡಿಯಲ್ಲೇ ಅತಿ ಮೆತ್ತಗಿನದನ್ನು, ಅತಿ ಜೋರಾಗಿ ಓಡುವುದನ್ನು ಕೊಡಿಸಬೇಕೆಂದಿದ್ದೇನೆ.

"ಏನು ಪಾಟಿ, ಗಾಳಿ ಕಮ್ಮಿಯಾ?" ಎಂದು ವಾಚ್‌ಮನ್ ಕೇಳುತ್ತಾನೆ.

"ಇಲ್ಲಪ್ಪ, ಗಟ್ಟಿಯಾಗಿಯೇ ಇದೆ" ಅನ್ನುತ್ತೇನೆ.